ಕೇಳಿದ್ದಕ್ಕಷ್ಟೇ

ಮಕ್ಕಳ ಕಲ್ಯಾಣ ಸಮಿತಿಯ ಕೋಣೆಯ ಹೊರಗೆ, ಬೆಂಚಿನ ಮೇಲೆ ಕೂತು ಆ ಗಂಡಸು ಮಗುವಿಗೆ ಜಡೆ ಹೆಣೆಯುತ್ತಿದ್ದ. ಕೆಂಪು ರಿಬ್ಬನ್ನು ಅವನ ಹಲ್ಲುಗಳ ನಡುವೆ ಇತ್ತು. ಬೈತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ, ಬಡಗಿ ಹಲಗೆಯ ಅಂಚು ನೋಡುವ ಹಾಗೆ.

ವಿಂಧ್ಯಾಗೆ ಮೊದಲು ಕಂಡದ್ದು ಜಡೆಯಲ್ಲ, ನಿಯಮ. ವಿಚಾರಣೆಗೆ ಕರೆತಂದ ಮಗುವಿನ ಹತ್ತಿರ ಅರ್ಜಿದಾರರು ಅನುಮತಿಯಿಲ್ಲದೆ ಕೂರುವಂತಿಲ್ಲ.

“ಯಾರನ್ನ ಕೇಳಿ ಇಲ್ಲಿ ಕೂತಿರಿ, ಭಾಯ್?” ಎಂದಳು ಗುಜರಾತಿಯಲ್ಲಿ. “ಏಳಿ, ಆ ಕಡೆ ಹೋಗಿ.”

ಅವನು ಎದ್ದ. ಆದರೆ ಜಡೆಯ ಕೊನೆಯ ಗಂಟು ಹಾಕಿಯೇ ಎದ್ದ. ಕಿಟಕಿಯ ಬಳಿ ಹೋಗಿ ನಿಂತು, ಸೂರತ್ತಿನ ಬಿಸಿಲಿಗೆ ಹೇಳುವವನಂತೆ ಗೊಣಗಿದ. “ಮಾರಿ ನೋಡು. ಸ್ಟ್ಯಾಂಪ್ ಪೇಪರ್ ಇದ್ದಂಗ ಅದ.”

ವಿಂಧ್ಯಾ ಬಾಗಿಲ ತನಕ ಹೋಗಿದ್ದಳು. ತಿರುಗಿ ನಿಂತಳು.

“ಎಷ್ಟು ರೂಪಾಯಿದು?” ಎಂದಳು ಕನ್ನಡದಲ್ಲಿ.

ಅವನ ಮುಖದಲ್ಲಿ ನಡೆದದ್ದನ್ನು ಅವಳು ಆಮೇಲೆ ಎಷ್ಟೋ ದಿನ ನೆನೆಸಿಕೊಂಡು ನಕ್ಕಳು. ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು. ಕಣ್ಣು ಮಾತ್ರ ಓಡಿಹೋಗಲಿಲ್ಲ. ಅಲ್ಲೇ ನಿಂತು ಅವಳನ್ನು ನೋಡಿತು.

“ಮುನ್ನೂರರದ್ರಿ,” ಎಂದ ಕೊನೆಗೆ. “ಅದಕ್ಕಿಂತ ಕಡಿಮಿದು ಈ ರಾಜ್ಯದಾಗ ಚಲ್ತಿ ಇಲ್ಲ.”

ಅವನ ಹೆಸರು ಪದ್ಮನಾಭ. ಧಾರವಾಡದವನು. ಸರ್ಕಾರಿ ವಿಮಾ ಕಂಪನಿಯ ಸೂರತ್ ಶಾಖೆಗೆ ವರ್ಗವಾಗಿ ಬಂದು, ಕತಾರ್‌ಗಾಮಿನಲ್ಲಿ ವಜ್ರ ಉಜ್ಜುವ ಹೀರಾ ಕಾರ್ಖಾನೆಗಳ ಸಂದಿಯಲ್ಲಿ ಒಂದು ಮಹಡಿ ಮನೆ ಹಿಡಿದಿದ್ದ. ಕೆಳಗಿನ ಮನೆಯಲ್ಲಿ ಭಾವನಾಬೇನ್ ಎಂಬ ವಿಧವೆ, ಸೀರೆಗಳಿಗೆ ಟಿಕ್ಕಿ ಅಂಟಿಸುವ ಕೆಲಸ ಮಾಡಿಕೊಂಡು, ಮಗಳು ಹೇತ್ವಿಯ ಜೊತೆ ಇದ್ದಳು. ಗಂಡ, ಮಗು ಹೊಟ್ಟೆಯಲ್ಲಿದ್ದಾಗಲೇ ಬೈಕ್ ಅಪಘಾತದಲ್ಲಿ ಹೋಗಿದ್ದ. ಎರಡೂ ಕಡೆಯವರಿಗೆ ಬೇಡವಾದ ಮದುವೆ, ಹಾಗಾಗಿ ಎರಡೂ ಕಡೆಯವರು ಇರಲಿಲ್ಲ. ಸೀರೆಯ ಅಂಟು ಮಗುವಿನ ಕೂದಲಿಗೆ ಮೆತ್ತುತ್ತದೆಂದು ಭಾವನಾಬೇನ್ ಮಗುವನ್ನು ಮೇಲಕ್ಕೆ ಕಳಿಸುತ್ತಿದ್ದಳು. ಆ ಮಳೆಗಾಲದಲ್ಲಿ ಕಾಮಾಲೆಯಾಗಿ ಅವಳೂ ಹೋದಳು. ಮಗು ಮೇಲೇ ಉಳಿಯಿತು.

ಆಗ ಪದ್ಮನಾಭ ಮಾಡಿದ್ದು, ಫೈಲುಗಳ ನಡುವೆ ಬದುಕುವ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು. ಬೇರೆ ಯಾರಾದರೂ ಮಗುವನ್ನು ಸುಮ್ಮನೆ ಇಟ್ಟುಕೊಳ್ಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಇವನು ಮಕ್ಕಳ ಸಹಾಯವಾಣಿಗೆ ತಾನೇ ಫೋನ್ ಮಾಡಿ, ಈ ಮಗುವನ್ನು ಸಾಕಬೇಕೆಂದಿದ್ದೇನೆ, ಸರಿಯಾದ ಪ್ರೊಸೀಜರ್ ಏನು ಎಂದು ಕೇಳಿದ.

ಮರುದಿನ ಜೀಪು ಬಂತು. ಪ್ರೊಸೀಜರ್ ಅದೇ ಆಗಿತ್ತು.

ಒಳಗೆ ಕರೆಯುವ ಮುನ್ನ ವಿಂಧ್ಯಾ ಹೇತ್ವಿಯ ಎದುರು ಕುಕ್ಕರಗಾಲಲ್ಲಿ ಕೂತಳು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಾನೂನು ಅಧಿಕಾರಿಯಾಗಿ ಪ್ರತಿ ಮಗುವಿಗೂ ಅವಳು ಹೇಳುವ ಮಾತೊಂದಿತ್ತು.

“ಒಳಗೆ ದೊಡ್ಡವರು ಪ್ರಶ್ನೆ ಕೇಳ್ತಾರೆ. ಹೆದರಬೇಡ. ಕೇಳಿದ್ದಕ್ಕಷ್ಟೇ ಉತ್ತರ ಹೇಳು. ಕೇಳದೇ ಇದ್ದದ್ದನ್ನ ಹೇಳಬೇಡ. ಆಯ್ತಾ?”

ಅದು ಕಲ್ಲುಮನಸ್ಸಿನ ಮಾತಲ್ಲ. ಕೇಳದೆಯೇ ಹೇಳಿದ ಒಂದೇ ಒಂದು ವಾಕ್ಯದಿಂದ, ಹೊಡೆಯುವ ಮನೆಗೇ ವಾಪಸ್ಸು ಹೋದ ಮಕ್ಕಳನ್ನು ಅವಳು ನೋಡಿದ್ದಳು. ಸಾಕ್ಷಿಗಳಿಗೂ ಅದನ್ನೇ ಹೇಳುತ್ತಿದ್ದಳು. ಕ್ರಮೇಣ ಅದು ಅವಳ ಸ್ವಭಾವವಾಯಿತು. ಫೋನಿನಲ್ಲಿ ಅಮ್ಮ ಊಟ ಆಯ್ತಾ ಅಂದರೆ ಆಯ್ತು ಅನ್ನುತ್ತಿದ್ದಳು. ಏನು ಊಟ ಎಂದು ಕೇಳಿದರೆ ಮಾತ್ರ ಏನೆಂದು ಹೇಳುತ್ತಿದ್ದಳು.

ಕಿಟಕಿಯ ಬಳಿ ನಿಂತವನು ಆ ಮಾತನ್ನು ಕೇಳಿಸಿಕೊಂಡ.

ಒಳಗೆ ಅಧ್ಯಕ್ಷೆ ಸುಲೋಚನಾಬೇನ್ ಕನ್ನಡಕ ಏರಿಸಿ, “ಕಾನೂನು ಏನು ಹೇಳುತ್ತದೆ, ವಿಂಧ್ಯಾಬೇನ್?” ಎಂದರು.

ವಿಂಧ್ಯಾ ಎದ್ದು ನಿಂತು, ಸ್ವಚ್ಛವಾದ ಗುಜರಾತಿಯಲ್ಲಿ, ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ದತ್ತು ಕೊಡಲು ಬರುವುದಿಲ್ಲ, ಸಾಕಲು ಕೊಡಲೂ ಬರುವುದಿಲ್ಲ, ಅರ್ಜಿದಾರರು ರಕ್ತಸಂಬಂಧಿಯೂ ಅಲ್ಲ ಎಂದಳು. ಮಗುವನ್ನು ಮಕ್ಕಳ ಮನೆಯಲ್ಲಿರಿಸಿ, ಸಂಬಂಧಿಕರು ಯಾರಾದರೂ ಬರುವರೇ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಯಾರೂ ಬಾರದಿದ್ದರೆ ಮಾರ್ಚಿನಲ್ಲಿ ಆದೇಶ.

“ಅಂದರೆ ನನ್ನ ಮೇಲೆ ಸಂಶಯ,” ಎಂದ ಪದ್ಮನಾಭ ತನ್ನ ಮುರುಕು ಹಿಂದಿಯಲ್ಲಿ.

“ನಿಮ್ಮ ಮೇಲಲ್ಲ,” ಎಂದಳು ವಿಂಧ್ಯಾ.

“ಮತ್ಯಾರ ಮೇಲೆ? ಇಲ್ಲಿ ಗಂಡಸು ಅಂತ ನಿಂತಿರೋನು ನಾನೊಬ್ಬನೇ.”

ಶನಿವಾರ ಮಧ್ಯಾಹ್ನ ಮಕ್ಕಳ ಮನೆಗೆ ಬಂದು ಮಗುವನ್ನು ನೋಡಬಹುದೆಂದು ಸುಲೋಚನಾಬೇನ್ ಅನುಮತಿ ಕೊಟ್ಟರು. ಅವರು ಒಳ್ಳೆಯವರು. ಒಳ್ಳೆಯವರು ಯಾವಾಗಲೂ ಶನಿವಾರ ಮಧ್ಯಾಹ್ನದಷ್ಟು ಕೊಡುತ್ತಾರೆ.

ಹೊರಗೆ ಮೆಟ್ಟಿಲ ಬಳಿ ಅವನು ಕಾದು ನಿಂತಿದ್ದ.

“ಒಂದು ಮಾತು ಕೇಳ್ಲೇನ್ರಿ ವಕೀಲ್ರ? ಹಂಗಾರ ಲಗ್ನಾ ಆದ್ರ?”

“ಲಗ್ನ ಆದ್ರೆ ಗಂಡ ಹೆಂಡತಿ ಇಬ್ಬರೂ ಸೇರಿ ಅರ್ಜಿ ಹಾಕಬಹುದು.”

ಆ ನಿಯಮಕ್ಕೆ ಇನ್ನೊಂದು ಅರ್ಧವಿತ್ತು. ಮದುವೆಯಾಗಿ ಎರಡು ವರ್ಷ ಒಟ್ಟಿಗೆ ಬಾಳಿದ ದಂಪತಿಗೆ ಮಾತ್ರ ಮಗುವನ್ನು ಕೊಡುತ್ತಾರೆ. ಅವನು ಅದನ್ನು ಕೇಳಲಿಲ್ಲ. ಅವಳನ್ನು ಮುಂದಿನ ಪ್ರಕರಣಕ್ಕೆ ಕೂಗಿದರು. ಅವಳು ಹೋದಳು.

*

ಮಕ್ಕಳ ಮನೆಯ ತಪಾಸಣೆಯನ್ನು ವಿಂಧ್ಯಾ ಅಲ್ಲಿಯ ತನಕ ಬುಧವಾರ ಮಾಡುತ್ತಿದ್ದಳು. ಆಮೇಲೆ ಶನಿವಾರ ಮಾಡತೊಡಗಿದಳು.

ಬೇವಿನ ಮರದ ಕೆಳಗೆ ಸಿಮೆಂಟಿನ ಕಟ್ಟೆ. ಅವನು ಎಣ್ಣೆ, ಬಾಚಣಿಗೆ, ರಿಬ್ಬನ್ನು ಹಿಡಿದು ಬರುತ್ತಿದ್ದ. ಹೇತ್ವಿ ಅವನ ಮಂಡಿಗಳ ನಡುವೆ ಕೂತು, ಶಾಲೆಯ, ಡಾರ್ಮಿಟರಿಯ, ಬೆಕ್ಕಿನ ಸುದ್ದಿಯನ್ನು ಗುಜರಾತಿಯಲ್ಲಿ ಹೇಳುತ್ತಿದ್ದಳು. ಅವನು ಧಾರವಾಡದ ಕನ್ನಡದಲ್ಲಿ ಹ್ಞೂಂಗುಡುತ್ತಿದ್ದ. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು.

“ಪದುಮಾಮಾ, ಈ ಬೇನ್ ಯಾಕೆ ಯಾವಾಗಲೂ ನಮ್ಮನ್ನೇ ನೋಡ್ತಾರೆ?” ಎಂದಳು ಒಂದು ಶನಿವಾರ.

“ಅವರು ಸರ್ಕಾರ, ಮಗಳ. ಸರ್ಕಾರ ಎಲ್ಲಾರನ್ನೂ ನೋಡತದ.”

“ಸರ್ಕಾರ ನಿಮ್ಮ ಕೈ ನೋಡ್ತಿದೆ.”

ವಿಂಧ್ಯಾ ರಿಜಿಸ್ಟರಿನ ಹಾಳೆ ತಿರುವಿದಳು. ಅದು ನಿಜವಾಗಿತ್ತು. ಆ ದಪ್ಪ ಬೆರಳುಗಳು ಮೂರು ಎಳೆ ಕೂದಲಿನ ನಡುವೆ ಎಷ್ಟು ಹಗುರಾಗಿ ಓಡಾಡುತ್ತಿದ್ದವೆಂದರೆ, ತನ್ನ ಕತ್ತಿನ ಹಿಂದೆ ಏನೋ ಹರಿದಾಡಿದಂತಾಗಿ ಅವಳು ದುಪ್ಪಟ್ಟಾ ಸರಿಮಾಡಿಕೊಳ್ಳುತ್ತಿದ್ದಳು.

ಭೇಟಿ ಮುಗಿದ ಮೇಲೆ ಅವನ ಮುಖ ನೋಡಲಾಗುತ್ತಿರಲಿಲ್ಲ. ಅದಕ್ಕೇ ಮೊದಲ ಸಲ ಅವಳೇ ಲೋಚೋ ತಿನ್ನೋಣ ಬನ್ನಿ ಎಂದಳು. ತಳ್ಳುಗಾಡಿಯವನು ಬಿಸಿ ಲೋಚೋದ ಮೇಲೆ ಬೆಣ್ಣೆ ಸುರಿದು, ಸೇವ್ ಉದುರಿಸಿ ಕೊಟ್ಟ.

“ಇದು ಕೆಟ್ಟುಹೋದ ಢೋಕ್ಲಾ ಅಂತೆ,” ಎಂದಳು. “ಯಾರೋ ಹಿಟ್ಟು ತಪ್ಪು ಕಲಸಿ, ಅದೇ ಫೇಮಸ್ ಆಯ್ತು.”

“ತಪ್ಪಿಗೂ ಬೆಣ್ಣಿ ಹಾಕಿ ಮಾರ್ತಾರ ಅಂದ್ರ ಛಲೋ ಊರಿದು.” ಅವನು ಅವಳನ್ನು ನೋಡಿದ. “ನಿಮ್ಮ ಕನ್ನಡಾ ಎಲ್ಲಿದ್ರಿ?”

“ಚಾಂದ್‌ಖೇಡಾದ್ದು.”

“ಅದ್ಯಾವ ಜಿಲ್ಲಾ?”

“ಅಹಮದಾಬಾದು. ಅಪ್ಪ ಆಯಿಲ್ ಕಂಪನಿಯಲ್ಲಿದ್ರು. ಅಮ್ಮ ಹಾಸನದವರು. ನನ್ನ ಕನ್ನಡ ಅಡುಗೆಮನೆಯಿಂದ ಹೊರಗೇ ಬಂದಿಲ್ಲ. ಉಪ್ಪು ಖಾರಕ್ಕೆಲ್ಲ ಸಾಕು.”

“ಸಿಟ್ಟಿಗೆ?”

“ಸಿಟ್ಟಿಗೆ ಗುಜರಾತಿ.”

“ಪ್ರೀತಿಗೆ?”

ಅವಳು ಸೇವ್ ಆರಿಸಿ ತಿಂದಳು. “ಇದುವರೆಗೆ ಬೇಕಾಗಿಲ್ಲ.”

ಅವನು ನಗಲಿಲ್ಲ. ತಟ್ಟೆಯ ಅಂಚಿಗೆ ಉಳಿದಿದ್ದ ಬೆಣ್ಣೆಯ ತುಂಡನ್ನು ಚಮಚದಿಂದ ಅವಳ ತಟ್ಟೆಗೆ ದಾಟಿಸಿದ. ಅಷ್ಟೇ. ಅವಳಿಗೆ ಮೂವತ್ತಮೂರು. ಹೆಣ್ಣು ನೋಡಲು ಬಂದವರ ಮುಂದೆ ಕೂತು ಕೂತು, ಪ್ರೀತಿ ಎಂದರೆ ಇಂಟರ್‌ವ್ಯೂ ಎಂದುಕೊಂಡಿದ್ದಳು. ಬೆಣ್ಣೆಯ ತುಂಡೂ ಆಗಿರಬಹುದೆಂದು ಯಾರೂ ಹೇಳಿರಲಿಲ್ಲ.

ಉತ್ತರಾಯಣದ ದಿನ ಅವನ ಮನೆಯ ಟೆರೇಸಿಗೆ ಹೋದಳು. ಇಡೀ ಕತಾರ್‌ಗಾಮ್ ಛಾವಣಿಗಳ ಮೇಲಿತ್ತು. ಹೀರಾ ಉಜ್ಜುವ ಚಕ್ರಗಳು ಅಂದು ಬಂದ್. ಬದಲಿಗೆ ಸ್ಪೀಕರುಗಳು. ಆಕಾಶದಲ್ಲಿ ಗಾಳಿಪಟ ಬಿಟ್ಟು ಬೇರೇನಕ್ಕೂ ಜಾಗವಿರಲಿಲ್ಲ.

“ಬಟ್ಟು ಕೊಡ್ರಿ,” ಎಂದ.

“ಯಾಕೆ?”

“ದಾರ ಕೊಯ್ತದ. ಪಟ್ಟಿ ಸುತ್ತಬೇಕು.”

ಅವಳು ಹುಟ್ಟಿ ಬೆಳೆದದ್ದೇ ಈ ಹಬ್ಬದಲ್ಲಿ. ಬೆರಳಿಗೆ ಪಟ್ಟಿ ಸುತ್ತಿಕೊಳ್ಳುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೂ ಕೈ ಚಾಚಿದಳು. ಅವನು ತೋರುಬೆರಳಿನ ಎರಡೂ ಗೆಣ್ಣಿಗೆ ಬಿಳಿ ಪಟ್ಟಿಯನ್ನು ನಿಧಾನವಾಗಿ ಸುತ್ತಿದ, ಹಲ್ಲಿನಿಂದ ಹರಿದ. ಅವನ ಉಸಿರು ಅಂಗೈಗೆ ತಾಗಿತು.

ಆಮೇಲೆ ಅಮ್ಮ ಧಾರವಾಡದಿಂದ ಕಳಿಸಿದ್ದೆಂದು ಕುಸುರೆಳ್ಳಿನ ಡಬ್ಬಿ ತೆಗೆದ. “ಎಳ್ಳು ಬೆಲ್ಲಾ ತೊಗೊಂಡು ಎಳ್ಳು ಬೆಲ್ಲಧಂಗ ಇರೂಣು. ನಮ್ಮ ಕಡೆ ಹಿಂಗ ಅಂತಾರ.”

“ನಮ್ಮ ಕಡೆ ಒಳ್ಳೇ ಮಾತಾಡಿ ಅಂತಾರೆ.”

“ಹಂಗಾರ ಒಂದು ಒಳ್ಳೇ ಮಾತು ಆಡ್ಲೇನು?”

ಅವನ ಪಟ ಮೇಲಿತ್ತು. ಅವಳು ಅವನ ಬೆನ್ನ ಹಿಂದೆ ದಾರ ಸುತ್ತಿದ ಉರುಳೆ, ಫಿರ್ಕಿ, ಹಿಡಿದು ನಿಂತಿದ್ದಳು. ಈ ಊರಲ್ಲಿ ಯಾರ ಫಿರ್ಕಿಯನ್ನು ಯಾರು ಹಿಡಿದಿದ್ದಾರೆ ಎಂಬುದನ್ನು ಸುತ್ತಲಿನ ಛಾವಣಿಗಳೆಲ್ಲ ನೋಡುತ್ತವೆ, ಮತ್ತು ಅರ್ಥ ಮಾಡಿಕೊಳ್ಳುತ್ತವೆ. ಅವನು ತಿರುಗಲಿಲ್ಲ. ಮೇಲೆ ನೋಡುತ್ತಲೇ ಹೇಳಿದ.

“ನನ್ನ ಲಗ್ನಾ ಆಗ್ತೀರೇನ್ರಿ, ವಿಂಧ್ಯಾ?”

ಫಿರ್ಕಿ ಅವಳ ಕೈಯಲ್ಲಿ ಗಿರ್ರೆಂದು ತಿರುಗಿತು. ಎಳ್ಳು ಇನ್ನೂ ನಾಲಗೆಯ ಮೇಲಿತ್ತು. ನಿಯಮದ ಇನ್ನೊಂದು ಅರ್ಧವೂ ಅಲ್ಲೇ ಇತ್ತು, ಕರಗದೆ. ಅವಳು ಅದನ್ನು ಮರೆತಿರಲಿಲ್ಲ. ಯಾವ ಶನಿವಾರವೂ ಮರೆತಿರಲಿಲ್ಲ. ಆದರೆ ಅವನು ಕೇಳಿದ ಪ್ರಶ್ನೆ ಅದಲ್ಲ.

“ಹ್ಞೂಂ,” ಎಂದಳು.

ಅವನ ಹೆಗಲುಗಳು ಒಮ್ಮೆ ಇಳಿದು ಏರಿದವು. ಪಕ್ಕದ ಛಾವಣಿಯ ಮುದುಕಿಯೊಬ್ಬಳು, “ಪದ್ಮಭಾಯ್, ಪಟ ಕಟ್ ಆಯ್ತು, ನೋಡು,” ಎಂದು ಕೂಗಿದಳು. ಇಬ್ಬರೂ ನೋಡಿರಲಿಲ್ಲ.

*

ಚಾಂದ್‌ಖೇಡಾದ ಮನೆಯಲ್ಲಿ ಅಮ್ಮ ಹೇಮಲತಾ ಒಬ್ಬಟ್ಟು ಮಾಡಿದ್ದಳು. ಅಪ್ಪ ಸುಬ್ರಹ್ಮಣ್ಯ, ಕಂಪನಿ ಬಿಟ್ಟು ವರ್ಷಗಳಾದರೂ, ಆಯಿಲ್ ಬಾವಿ ಪರೀಕ್ಷಿಸುವ ಗಾಂಭೀರ್ಯದಲ್ಲಿ ಭಾವಿ ಅಳಿಯನನ್ನು ಪರೀಕ್ಷಿಸುತ್ತಿದ್ದರು.

“ನಿಮ್ಮ ಕಡೆ ಊಟಕ್ಕೆ ರೊಟ್ಟಿನೇ ಅಲ್ವಾ?”

“ರೊಟ್ಟಿ ಅನ್ನಾ ಎರಡೂ ನಡೀತದ್ರಿ ಮಾವಾರ.”

‘ಮಾವಾರ’ ಎಂಬ ಮಾತಿಗೆ ಅಮ್ಮ ಇನ್ನೊಂದು ಒಬ್ಬಟ್ಟು ಬಡಿಸಿದಳು. “ನೋಡ್ರೀ, ಇಷ್ಟು ವರ್ಷ ಹುಡುಕಿದ್ದು ವೇಸ್ಟು. ನಮ್ಮ ಭಾಷೆಯವರೇ ಸೂರತ್‌ನಲ್ಲಿ ಕೂತಿದ್ರು. ಶ್ರಾವಣದಲ್ಲಿ ಇಟ್ಟುಕೊಳ್ಳೋಣ್ವಾ?”

“ಶ್ರಾವಣ ತನಕಾ ಯಾಕ್ರಿ?” ಎಂದ ಪದ್ಮನಾಭ. “ಮಾರ್ಚ್ ಹಿಯರಿಂಗ್‌ಗಿಂತ ಮೊದ್ಲ ರಜಿಸ್ಟರ್ ಮಾಡ್ಕೊಂಡ್ರ ಛಲೋ. ಸರ್ಟಿಫಿಕೇಟ್ ಕೈಯಾಗಿದ್ರ ಅವತ್ತ ಅರ್ಜಿ ಕೊಡಬಹುದು.”

ತುಪ್ಪದ ಚಮಚ ಅಮ್ಮನ ಕೈಯಲ್ಲೇ ನಿಂತಿತು. “ಯಾವ ಹಿಯರಿಂಗು?”

ಅವನು ವಿಂಧ್ಯಾಳನ್ನು ನೋಡಿದ. ಅವಳು ಮನೆಯಲ್ಲಿ ಹೇಳಿರುತ್ತಾಳೆ ಎಂದುಕೊಂಡಿದ್ದ. ಯಾರೂ ಕೇಳಿರಲಿಲ್ಲ, ಹಾಗಾಗಿ ಅವಳು ಹೇಳಿರಲಿಲ್ಲ. ಆಗ ಅವನೇ ಹೇಳತೊಡಗಿದ. ಹೇತ್ವಿಯ ಬಗ್ಗೆ, ಅವಳ ತಾಯಿಯ ಬಗ್ಗೆ, ಕಿಟಕಿಯ ಕಡೆ ಮಗುವಿನ ಮಂಚ ಹಾಕುವುದರ ಬಗ್ಗೆ. ಹೇಳುತ್ತಾ ಹೇಳುತ್ತಾ ಅವನ ಮುಖ ಬೆಳಗಿತು. ವಿಂಧ್ಯಾ ಆ ಬೆಳಕನ್ನು ನೋಡಿದಳು. ಟೆರೇಸಿನಲ್ಲಿ ಅವನು ಬೆನ್ನು ತಿರುಗಿಸಿ ನಿಂತಿದ್ದ. ಆಗ ಮುಖದಲ್ಲಿ ಈ ಬೆಳಕಿತ್ತೋ ಇಲ್ಲವೋ ಅವಳಿಗೆ ಗೊತ್ತಿಲ್ಲ.

ಅಡುಗೆಮನೆಯಲ್ಲಿ ಅಮ್ಮ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಕೇಳಿದಳು. “ಆ ಮಗುಗೆ ಅಮ್ಮ ಬೇಕಾಗಿದ್ದಾಳೋ, ಅವರಿಗೆ ಹೆಂಡತಿ ಬೇಕಾಗಿದ್ದಾಳೋ? ವಿಚಾರಿಸಿದ್ಯಾ?”

“ಇಲ್ಲ.”

“ವಕೀಲೆ ನೀನು.”

“ಅದಕ್ಕೇ ಅಮ್ಮ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಅಂತ ಕಲಿಸ್ತಾರೆ.”

ಸಂಜೆಯ ರೈಲಿನಲ್ಲಿ ಇಬ್ಬರೂ ಸೂರತ್ತಿಗೆ ಹೊರಟರು. ವಡೋದರಾದ ತನಕ ಅವನು ರಜಿಸ್ಟ್ರಾರ್ ಕಚೇರಿಯ ಬಗ್ಗೆ ಮಾತಾಡಿದ. ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿಗಳು. ಎಲ್ಲ ಸರಿಯಾಗಿ ತಿಳಿದುಕೊಂಡಿದ್ದ. ರೈಲು ವಡೋದರಾ ಬಿಟ್ಟಾಗ ಅವಳು ಹೇಳಿದಳು.

“ಮದುವೆಯಾಗಿ ಎರಡು ವರ್ಷ ಆಗಿರಬೇಕು.”

“ಏನು?”

“ದತ್ತು ತಗೊಳ್ಳೋಕೆ. ಎರಡು ವರ್ಷ ಆಗದೇ ಇದ್ದರೆ ಕೊಡಲ್ಲ. ಮಾರ್ಚ್‌ಗೆ ಮುಂಚೆ ಆದ್ರೂ, ಆಗದೇ ಇದ್ರೂ ಒಂದೇ.”

ಎದುರಿನ ಸೀಟಿನ ಹೆಂಗಸು ಇಬ್ಬರಿಗೂ ಥೇಪ್ಲಾ ಕೊಡಲು ಬಂದು, ಮುಖ ನೋಡಿ ಡಬ್ಬಿ ಮುಚ್ಚಿದಳು.

“ಹಂಗಾರ ಎರಡು ವರ್ಷ ಕಾಯೂಣು,” ಎಂದ ಕೊನೆಗೆ. ದನಿಯಲ್ಲಿ ಇನ್ನೂ ಆಸೆಯಿತ್ತು. “ಕೇಸು ಮುಂದ ಹಾಕಸ್ರಿ. ಪೇಪರಿನಾಗ ಇನ್ನೊಮ್ಮೆ ಹಾಕೂಣು ಅನ್ರಿ, ಅವರ ಊರಾಗ ವಿಚಾರಣಾ ಆಗಲಿ ಅನ್ರಿ. ಭೂಮಿ ಕೇಸು ಇಪ್ಪತ್ತು ವರ್ಷ ನಡಸ್ತಾರ ನಿಮ್ಮ ವಕೀಲರು. ಒಂದು ಕೂಸಿಂದು ಎರಡು ವರ್ಷ ನಡಸ್ಲಿಕ್ಕೆ ಬರೂದಿಲ್ಲೇನು?”

ಬರುತ್ತಿತ್ತು. ಅದು ಎಷ್ಟು ಸುಲಭವೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಒಂದು ಸಹಿ ತಡ ಮಾಡಿದರೆ ಸಾಕು.

“ಕಾಯೋದು ನಾವಲ್ಲ, ಅವಳು,” ಎಂದಳು. “ಆ ಡಾರ್ಮಿಟರಿಯಲ್ಲಿ. ಈಗ ಅವಳಿಗೆ ಐದು. ಐದಕ್ಕೆ ಮನೆ ಸಿಗುತ್ತೆ. ಏಳು ದಾಟಿದ ಮಕ್ಕಳನ್ನ ಯಾರೂ ಕೇಳಲ್ಲ, ನಾನು ನೋಡ್ತಾನೇ ಇದ್ದೀನಿ. ಎರಡು ವರ್ಷ ಆದ್ಮೇಲೂ ಇದೇ ಮಗು ಬೇಕು ಅಂತ ನಾವು ಆರಿಸೋ ಹಾಗಿಲ್ಲ. ಸಾಲಿನಲ್ಲಿ ನಿಲ್ಲಬೇಕು. ಅವಳು ನಮಗೇ ಸಿಗ್ತಾಳೆ ಅಂತ ಏನು ಗ್ಯಾರಂಟಿ?”

“ಇದೆಲ್ಲಾ ನಿಮಗ ಯಾವಾಗಿಂದ ಗೊತ್ತಿತ್ತು?”

“ಮೊದಲಿಂದ.”

“ಟೆರೇಸಿನ ಮ್ಯಾಲೆ ಹ್ಞೂಂ ಅಂದಾಗ?”

“ಗೊತ್ತಿತ್ತು.”

“ಮತ್ತ ಯಾಕ ಹೇಳ್ಲಿಲ್ಲ?”

ಆ ಪ್ರಶ್ನೆಗೆ ಒಂದು ಉತ್ತರವಿತ್ತು. ಹೇಳಿದ್ದರೆ ನೀವು ಶನಿವಾರ ಲೋಚೋ ತಿನ್ನಲು ನಿಲ್ಲುತ್ತಿರಲಿಲ್ಲ, ನನ್ನ ಬೆರಳಿಗೆ ಪಟ್ಟಿ ಸುತ್ತುತ್ತಿರಲಿಲ್ಲ. ಅದನ್ನು ಹೇಳಲು ಬೇಕಾದ ಕನ್ನಡ ಚಾಂದ್‌ಖೇಡಾದ ಅಡುಗೆಮನೆಯಲ್ಲಿ ಇರಲಿಲ್ಲ. ಗುಜರಾತಿಯಲ್ಲಿ ಹೇಳಿದ್ದರೆ ಇಡೀ ಬೋಗಿಗೆ ಅರ್ಥವಾಗುತ್ತಿತ್ತು.

“ನೀವು ಕೇಳಲಿಲ್ಲ,” ಎಂದಳು.

ರೈಲು ಭರೂಚ್ ದಾಟಿ ನರ್ಮದೆಯ ಸೇತುವೆಗೆ ಬಂತು. ಯಾರೋ ಕಿಟಕಿಯಿಂದ ಹೊಳೆಗೆ ನಾಣ್ಯ ಎಸೆದರು. ಆಗ ಅವಳು, ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು.

“ಹೇತ್ವಿ ವಿಷಯ ಇಲ್ದೇ ಇದ್ದಿದ್ರೆ ನನ್ನನ್ನ ಮದುವೆ ಆಗ್ತೀರಾ ಅಂತ ಕೇಳ್ತಿದ್ರಾ?”

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಂದಿದ್ದರೆ ಮಗು ಈಗಲೂ ಅವನ ಮಹಡಿಯಲ್ಲೇ ಇರುತ್ತಿತ್ತು.

“ಇಲ್ಲ,” ಎಂದ. ನಂತರ ಅವಳ ಕಡೆ ಪೂರ್ತಿ ತಿರುಗಿ, “ಆದ್ರ ವಿಂಧ್ಯಾ, ಈಗ...”

“ಸಾಕು,” ಎಂದಳು. “ಕೇಳಿದ್ದಕ್ಕಷ್ಟೇ.”

ಸೂರತ್ ಬರುವ ತನಕ ಸೇತುವೆಯ ಸದ್ದು ಅವಳ ಕಿವಿಯಲ್ಲಿ ಹಾಗೇ ಇತ್ತು.

*

ಮಾರ್ಚಿನ ವಿಚಾರಣೆಗೆ ಮುಂಚೆ ವಿಂಧ್ಯಾ ಸುಲೋಚನಾಬೇನ್ ಅವರ ಕೋಣೆಗೆ ಹೋಗಿ, ಅರ್ಜಿದಾರರು ತನಗೆ ಪರಿಚಯ, ಪರಿಚಯಕ್ಕಿಂತ ಹೆಚ್ಚು, ಅಭಿಪ್ರಾಯವನ್ನು ಬೇರೆ ಅಧಿಕಾರಿ ಕೊಡಲಿ ಎಂದಳು. ಅವರು ಅವಳನ್ನು ಕನ್ನಡಕದ ಮೇಲಿಂದ ನೋಡಿದರು.

“ಬೇರೆ ಅಧಿಕಾರಿ ಬಂದರೆ ಕಾನೂನು ಬದಲಾಗುತ್ತಾ?”

“ಇಲ್ಲ, ಬೇನ್.”

“ಅವರು ಬರೋಕೆ ಮಳೆಗಾಲ ಆಗುತ್ತೆ. ಅಲ್ಲಿ ತನಕ ಮಗು ಇಲ್ಲೇ. ನೀನು ಹೇಳಿದ್ದನ್ನ ನಾನು ಬರೆದುಕೊಳ್ತೀನಿ. ಅಭಿಪ್ರಾಯ ನೀನೇ ಕೊಡು.” ಆಮೇಲೆ ಮೆತ್ತಗೆ, “ಬೇಕಾದರೆ ಆಮೇಲೆ ಒಂದು ದಿನ ರಜೆ ಹಾಕು,” ಎಂದರು.

ವಿಂಧ್ಯಾ ಎದ್ದು ನಿಂತಳು. ಸಂಬಂಧಿಕರು ಯಾರೂ ಬಂದಿಲ್ಲ. ಅರ್ಜಿದಾರರು ಕಾನೂನಿನ ಪ್ರಕಾರ ಅರ್ಹರಲ್ಲ. ಮಗುವನ್ನು ದತ್ತು ನೀಡಲು ಮುಕ್ತವೆಂದು ಘೋಷಿಸಬಹುದು. ಫೈಲಿನಲ್ಲಿದ್ದಂತೆಯೇ ಓದಿ ಹೇಳಿದಳು. ಈ ಮಾತುಗಳಲ್ಲಿ ಎಷ್ಟು ಪಾಲು ಮಗುವಿನ ಹಿತ, ಎಷ್ಟು ಪಾಲು ಸೇತುವೆಯ ಮೇಲೆ ಕೇಳಿದ ಒಂದು ‘ಇಲ್ಲ’ ಎಂದು ಯಾರಾದರೂ ಕೇಳಿದ್ದರೆ ಅವಳ ಹತ್ತಿರ ಉತ್ತರವಿರಲಿಲ್ಲ. ಯಾರೂ ಕೇಳಲಿಲ್ಲ.

“ಪದ್ಮನಾಭಭಾಯ್,” ಎಂದರು ಸುಲೋಚನಾಬೇನ್, “ಮಗುವನ್ನ ಕರೆದುಕೊಂಡು ಹೋಗುವವರಿಗೆ ತಿಳಿದಿರಬೇಕಾದ್ದು ಏನಾದರೂ ಇದೆಯಾ?”

ಅವನು ಎದ್ದ. ಇದೆಯೋ ಇಲ್ಲವೋ ಎಂದಷ್ಟೇ ಕೇಳಿದ್ದರು. ಅವನು ಎಲ್ಲವನ್ನೂ ಹೇಳಿದ. ತಲೆಯ ಮೇಲೆ ಫ್ಯಾನು ತಿರುಗಿದರೆ ಅವಳಿಗೆ ಹೆದರಿಕೆ, ಮಂಚ ಗೋಡೆಗೆ ಸರಿಸಬೇಕು. ಹಾಲಿನ ಕೆನೆ ಕಂಡರೆ ಲೋಟ ದೂಡುತ್ತಾಳೆ, ಸೋಸಿ ಕೊಡಬೇಕು. ಅಂಟಿನ ವಾಸನೆ ಬಂದರೆ ಅಮ್ಮ ಬಂದಳೆಂದು ಎದ್ದು ನೋಡುತ್ತಾಳೆ, ಆಗ ಬೈಯಬಾರದು. ಜಡೆ ಬಿಗಿಯಾಗಿ ಹೆಣೆಯಬಾರದು, ನೆತ್ತಿ ನೋಯುತ್ತದೆ, ಆದರೆ ಹೇಳುವುದಿಲ್ಲ. ಕೇಳಿದರೂ ನೋವಿಲ್ಲ ಅನ್ನುತ್ತಾಳೆ. ಕಣ್ಣು ನೋಡಿ ತಿಳಿಯಬೇಕು.

ಕಣ್ಣು ನೋಡಿ ಎಂದಾಗ ಅವನು ವಿಂಧ್ಯಾಳನ್ನು ನೋಡಿದ. ಅವಳು ಫೈಲು ನೋಡುತ್ತಿದ್ದಳು.

*

ಮೇ ತಿಂಗಳ ಒಂದು ಸುಡುವ ಬೆಳಗ್ಗೆ ಅವನು ಕಚೇರಿಗೆ ಬಂದ. ಅದೇ ಬೆಂಚು, ಅದೇ ಕಿಟಕಿ. ಹುಬ್ಬಳ್ಳಿಗೆ ವರ್ಗ ಕೇಳಿಕೊಂಡಿದ್ದ, ಸಿಕ್ಕಿತ್ತು. ಮರುದಿನ ಹೊರಡುವವನಿದ್ದ. ತೆಳ್ಳಗಾಗಿದ್ದ. ಬೆರಳುಗಳನ್ನು ಏನು ಮಾಡಬೇಕೆಂದು ತಿಳಿಯದವನಂತೆ ಕೈಗಳನ್ನು ಜೇಬಿನಲ್ಲಿಟ್ಟುಕೊಂಡಿದ್ದ.

“ಎಲ್ಲಿ ಹೋದ್ಳು ಅಂತ ಕೇಳಬಾರದಲ್ಲ?”

“ಹೇಳೋ ಹಾಗಿಲ್ಲ.”

“ಛಲೋ ಮನಿನೇನು?”

“ಹೌದು.”

“ಆಕಿ ಆರಾಮ್ ಇದ್ದಾಳೇನು?”

“ಇದ್ದಾಳೆ.”

ವಡೋದರಾದಿಂದ ಬಂದಿದ್ದ ಫೋಟೋವನ್ನು ಅವಳು ಅದೇ ವಾರ ನೋಡಿದ್ದಳು. ಕಾಲೇಜಿನಲ್ಲಿ ಪಾಠ ಮಾಡುವ ಗಂಡ ಹೆಂಡತಿ, ಮನೆಯ ಮುಂದೆ ತುಳಸಿ ಕುಂಡ, ಹೊಸ ಸೈಕಲ್ಲಿನ ಮೇಲೆ ಹೇತ್ವಿ. ಬಾಯ್ತುಂಬ ನಗುತ್ತಿದ್ದಳು. ಕೂದಲನ್ನು ಕತ್ತಿನವರೆಗೆ ಕತ್ತರಿಸಿದ್ದರು.

“ಅವರಿಗೆ ಜಡಿ ಹಾಕ್ಲಿಕ್ಕೆ ಬರತದೇನ್ರಿ?” ಎಂದ ಪದ್ಮನಾಭ. “ಸಡಿಲ?”

“ಬರುತ್ತೆ,” ಎಂದಳು ವಿಂಧ್ಯಾ. “ದಿನಾ ಹಾಕ್ತಾರಂತೆ. ಎರಡು ಜಡೆ. ಕೆಂಪು ರಿಬ್ಬನ್ನು.”

ಎಂಟು ವರ್ಷಗಳ ನೌಕರಿಯಲ್ಲಿ, ಆ ಕಟ್ಟಡದೊಳಗೆ, ಅವಳು ಹೇಳಿದ ಮೊದಲ ಸುಳ್ಳು ಅದು. ಕೇಳಿದ್ದಕ್ಕಿಂತ ಹೆಚ್ಚಿಗೆ ಹೇಳಿದ ಮೊದಲ ಉತ್ತರವೂ ಅದೇ. ಅವನು ತಲೆಯಾಡಿಸಿದ. ಅವನ ಕಣ್ಣು ತುಂಬಿತು, ಆದರೆ ಮುಖ ಸಮಾಧಾನವಾಯಿತು. ಹೋಗಲು ತಿರುಗಿ, ಮತ್ತೆ ನಿಂತ.

“ವಿಂಧ್ಯಾ. ನನಗ ಇನ್ನೊಂದು ಪ್ರಶ್ನಿ ಕೇಳ್ರಿ.”

“ಯಾವುದು?”

“ನಿಮಗ ಗೊತ್ತದ. ರೈಲಿನಾಗ ಅರ್ಧಾ ಕೇಳಿ ಬಿಟ್ರಿ. ಉಳಿದದ್ದು ಕೇಳ್ರಿ, ಹೇಳ್ತೀನಿ. ಹೇಳೇ ಹೋಗಬೇಕಂತ ಬಂದೀನಿ.”

ಅವಳಿಗೆ ಗೊತ್ತಿತ್ತು. ‘ಈಗ?’ ಎಂಬ ಒಂದೇ ಪದದ ಪ್ರಶ್ನೆ ಅದು. ಆಗ ಕೇಳುತ್ತಿರಲಿಲ್ಲ, ಸರಿ. ಈಗ? ಉತ್ತರ ಅವನ ಮುಖದ ಮೇಲೆಯೇ ಇತ್ತು. ಚಾಂದ್‌ಖೇಡಾದ ಊಟದ ಮೇಜಿನಲ್ಲಿ ಕಂಡ ಅದೇ ಬೆಳಕು, ಸ್ವಲ್ಪ ಮಂಕಾಗಿ. ಈ ಸಲ ಅಲ್ಲಿ ಮಗುವಿನ ಮಾತಿರಲಿಲ್ಲ. ಅವಳು ಕೇಳಿದರೆ ಅವನು ಹೌದು ಎನ್ನುತ್ತಾನೆ. ನಂತರ ಇಬ್ಬರೂ ಒಂದೇ ಮನೆಯಲ್ಲಿ, ಕಿಟಕಿಯ ಕಡೆ ಹಾಕದೇ ಉಳಿದ ಒಂದು ಮಂಚದ ಜಾಗವನ್ನು ನೋಡುತ್ತಾ ಬದುಕುತ್ತಾರೆ. ಒಂದು ದಿನ ಅವನು, ಎರಡು ವರ್ಷ ತಡ ಮಾಡಬಹುದಿತ್ತಲ್ಲ ಎನ್ನುತ್ತಾನೆ. ಬಾಯಿಬಿಟ್ಟು ಅನ್ನುವುದಿಲ್ಲ. ಅವಳು ಕಣ್ಣು ನೋಡಿ ತಿಳಿಯಬೇಕು.

“ನನ್ನ ಮುಖ ಈಗ ಎಷ್ಟು ರೂಪಾಯಿದು?” ಎಂದು ಕೇಳಿದಳು.

ಅವನು ನಗಲು ಪ್ರಯತ್ನಿಸಿದ. “ಇದಲ್ಲ ನಾ ಅಂದ ಪ್ರಶ್ನಿ.”

“ಗೊತ್ತು.”

ಅವನು ಜೇಬಿನಿಂದ ಕೈಗಳನ್ನು ತೆಗೆದ. ಆಮೇಲೆ, “ಬರೀ ಕಾಗದ, ವಿಂಧ್ಯಾ,” ಎಂದ. “ಸ್ಟ್ಯಾಂಪ್ ಇಲ್ಲ, ಏನಿಲ್ಲ.” ಮೆಟ್ಟಿಲಿಳಿದು ಹೋದ.

ಒಳಗಿನಿಂದ ಮುಂದಿನ ಪ್ರಕರಣವನ್ನು ಕೂಗಿದರು. ಬೆಂಚಿನ ಇನ್ನೊಂದು ತುದಿಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಫ್ರಾಕಿನ ಅಂಚು ಹಿಂಡುತ್ತಾ ಕೂತಿದ್ದಳು. ವಿಂಧ್ಯಾ ಅವಳ ಎದುರು ಕುಕ್ಕರಗಾಲಲ್ಲಿ ಕೂತಳು. ನಾಲಗೆ ತಾನಾಗಿ ಹೇಳಿತು.

“ಒಳಗೆ ದೊಡ್ಡವರು ಪ್ರಶ್ನೆ ಕೇಳ್ತಾರೆ. ಹೆದರಬೇಡ. ಕೇಳಿದ್ದಕ್ಕಷ್ಟೇ ಉತ್ತರ ಹೇಳು.”

ಹುಡುಗಿ ಯೋಚಿಸಿದಳು.

“ಮತ್ತೆ ಅವರು ಕೇಳದೇ ಇದ್ದರೆ, ಬೇನ್?”

ಕೆಳಗೆ, ಪಾರ್ಕಿಂಗಿನಲ್ಲಿ, ಸ್ಕೂಟರೊಂದು ಒಂದು ಸಲ ಒದ್ದಾಗ ಶುರುವಾಗಲಿಲ್ಲ. ಇನ್ನೊಂದು ಸಲವೂ ಆಗಲಿಲ್ಲ. ವಿಂಧ್ಯಾ ಹಾಗೇ ಕೂತು ಕೇಳಿಸಿಕೊಂಡಳು. ಮೂರನೆಯ ಸಲಕ್ಕೆ ಶುರುವಾಗಿ, ಗೇಟು ದಾಟಿ, ಸೂರತ್ತಿನ ಸದ್ದಿನೊಳಗೆ ಸೇರಿಹೋಯಿತು.

“ಕೇಳದೇ ಇದ್ದರೆ,” ಎಂದಳು, “ನೀನೇ ಹೇಳು. ನಾನು ಸುಮ್ಮನಿರು ಅಂದರೂ ಸುಮ್ಮನಿರಬೇಡ.”

ಹುಡುಗಿಯ ಕೈ ಹಿಡಿದು ಎದ್ದಳು. ಇಬ್ಬರೂ ಒಳಗೆ ಹೋದರು.